ಬೆಂಗಳೂರಿನ ವೃತ್ತಿಪರ ಮಹಿಳಾ ಟೆನಿಸ್ ಪಂದ್ಯಾವಳಿ: ೨೦೦೬–೨೦೦೮

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆ ಕೊಯ್ಲು ಮುಗಿದ ಗದ್ದೆಗಳಲ್ಲಿ ಚೆಂಡಾಟವಾಡಿದವರೆಲ್ಲರೂ ಒಂದು ಸಂಗತಿಯನ್ನು ಬಲ್ಲರು: ನೆಲವು ಸಮವಾಗಿಲ್ಲದ ಕಡೆ ಚೆಂಡಿನ ಪುಟಿತವನ್ನು ನಂಬಲಾಗದು. ಟೆನಿಸ್ ಆಟಕ್ಕಾದರೋ ಈ ಪುಟಿತವೇ ಪ್ರಾಣ. ೨೦೦೬ರಿಂದ ೨೦೦೮ರವರೆಗೆ ಬೆಂಗಳೂರಿನಲ್ಲಿ ನಡೆದು ನಿಂತುಹೋದ ವೃತ್ತಿಪರ ಮಹಿಳಾ ಪಂದ್ಯಾವಳಿಯನ್ನು ನಿದರ್ಶನವಾಗಿಟ್ಟುಕೊಂಡು, ಇಂತಹ ಪಂದ್ಯಾವಳಿಯು ಯಾವ ಆಧಾರಗಳ ಮೇಲೆ ನಿಲ್ಲುತ್ತದೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ನೆಲ, ಕಾಲ, ಧನ ಎಂದು ಅವುಗಳನ್ನು ಮೂರಾಗಿ ವಿಂಗಡಿಸಬಹುದು.

ಮೊದಲನೆಯದು ನೆಲ. ಟೆನಿಸ್ ಅಂಕಣಗಳಲ್ಲಿ ಹುಲ್ಲು, ಮಣ್ಣು, ಗಟ್ಟಿನೆಲ ಎಂಬ ಮೂರು ಬಗೆಗಳು ಮುಖ್ಯವಾದುವು. ಗಟ್ಟಿನೆಲಕ್ಕೆ ಕಾಂಕ್ರೀಟು ಅಥವಾ ಡಾಂಬರಿನ ತಳಪಾಯವಿದ್ದು, ಅದರ ಮೇಲೆ ಮರಳು ಬೆರೆತ ಅಕ್ರಿಲಿಕ್ ಲೇಪಗಳನ್ನು ಬಳಿಯುತ್ತಾರೆ. ಲೇಪವು ಒರಟಾದಷ್ಟೂ ಪುಟಿದ ಚೆಂಡಿನ ವೇಗ ತಗ್ಗುತ್ತದೆ. ಬೆಂಗಳೂರಿನ ಪಂದ್ಯಗಳು ಕಬ್ಬನ್ ಉದ್ಯಾನದಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಬಯಲು ಅಂಕಣಗಳಲ್ಲಿ ನಡೆದವು. ಸಂಸ್ಥೆಯ ಹೆಸರಿನಲ್ಲಿ ಹುಲ್ಲುಹಾಸು ಉಳಿದಿದ್ದರೂ ಆಟ ನಡೆದದ್ದು ಗಟ್ಟಿನೆಲದ ಮೇಲೆ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದ ಆ ನಗರದ ಗಾಳಿಯು ನಮ್ಮ ಕರಾವಳಿಯ ಗಾಳಿಗಿಂತ ತೆಳುವಾದುದರಿಂದ ಅಲ್ಲಿ ಚೆಂಡಿನ ಓಟವೂ ತುಸು ಚುರುಕು.

ಎರಡನೆಯದು ಕಾಲ. ಬಯಲಿನ ಆಟಕ್ಕೆ ಒಣಹವೆ ಬೇಕು. ಫೆಬ್ರವರಿ, ಮಾರ್ಚ್ ತಿಂಗಳುಗಳು ಅದಕ್ಕೆ ಅನುಕೂಲ. ಆದರೆ ದಿನವನ್ನು ಊರಿನವರೇ ಗೊತ್ತುಮಾಡುವಂತಿಲ್ಲ. ೧೯೭೩ರಲ್ಲಿ ಬಿಲ್ಲಿ ಜೀನ್ ಕಿಂಗ್ ಅವರ ನೇತೃತ್ವದಲ್ಲಿ ಸ್ಥಾಪಿತವಾದ ಮಹಿಳಾ ಟೆನಿಸ್ ಸಂಘದ ವಾರ್ಷಿಕ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ದೊರೆಯಬೇಕು. ಬೆಂಗಳೂರಿಗೆ ಮುನ್ನ, ೨೦೦೩ರಿಂದ ೨೦೦೫ರವರೆಗೆ, ಭಾರತದ ಪಂದ್ಯಾವಳಿಯು ಹೈದರಾಬಾದಿನಲ್ಲಿ ಜರುಗಿತ್ತು. ಅಲ್ಲಿ ೨೦೦೫ರಲ್ಲಿ ವಿಜಯಿಯಾದ ಸಾನಿಯಾ ಮಿರ್ಜಾ ಅವರು ಸಂಘದ ಸಿಂಗಲ್ಸ್ ಪ್ರಶಸ್ತಿ ಪಡೆದ ಪ್ರಥಮ ಭಾರತೀಯ ಮಹಿಳೆ.

ಮೂರನೆಯದು ಧನ. ಇದನ್ನು ಕೇವಲ ಲೋಭವೆಂದು ತಿಳಿಯಬಾರದು. ಪುರುಷರ ಬಹುಮಾನವು ತಮ್ಮದರ ಹಲವು ಪಟ್ಟು ಇದ್ದುದನ್ನು ಪ್ರತಿಭಟಿಸಿ, ೧೯೭೦ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಒಂಬತ್ತು ಮಂದಿ ಆಟಗಾರ್ತಿಯರು ಒಂದೊಂದು ಡಾಲರಿನ ಕರಾರಿಗೆ ಸಹಿಹಾಕಿದರು. ಮಹಿಳೆಗೆ ಆಟವು ಜೀವನೋಪಾಯವಾಗಬಲ್ಲದೆಂಬ ವಾದಕ್ಕೆ ಅದು ಅಡಿಗಲ್ಲಾಯಿತು. ಬೆಂಗಳೂರಿನ ಬಹುಮಾನದ ಮೊತ್ತವು ೨೦೦೭ರಲ್ಲಿ ೧,೭೫,೦೦೦ ಡಾಲರ್ ಇದ್ದುದು ೨೦೦೮ರಲ್ಲಿ ೬,೦೦,೦೦೦ಕ್ಕೇರಿತು. ಆ ವರ್ಷ ಪಂದ್ಯಾವಳಿಗೆ ತನ್ನ ಹೆಸರನ್ನಿತ್ತ ಕೆನರಾ ಬ್ಯಾಂಕು ೧೯೦೬ರಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಸಂಸ್ಥೆ. ೨೦೦೬ರಲ್ಲಿ ಇಟಲಿಯ ಮಾರಾ ಸಾಂತಾಂಜೆಲೊ, ೨೦೦೭ರಲ್ಲಿ ಯಾರೊಸ್ಲಾವಾ ಶ್ವೆಡೋವಾ, ೨೦೦೮ರಲ್ಲಿ ಸೆರೀನಾ ವಿಲಿಯಮ್ಸ್ ಸಿಂಗಲ್ಸ್ ವಿಜೇತರಾದರು. ಸೆರೀನಾ ಅವರು ಸೆಮಿಫೈನಲ್ಲಿನಲ್ಲಿ ಅಕ್ಕ ವೀನಸ್ ಅವರನ್ನೂ, ಫೈನಲ್ಲಿನಲ್ಲಿ ಸ್ವಿಟ್ಜರ್ಲೆಂಡಿನ ಪ್ಯಾಟಿ ಶ್ನೈಡರ್ ಅವರನ್ನೂ ಸೋಲಿಸಿದರು. ಸಾನಿಯಾ ಅವರು ೨೦೦೬ರ ಡಬಲ್ಸ್ ಪ್ರಶಸ್ತಿಯಲ್ಲಿ ಪಾಲುಗೊಂಡಿದ್ದರು, ೨೦೦೮ರಲ್ಲಿ ಆಡಲಿಲ್ಲ.

೨೦೦೯ರಲ್ಲಿ ಸಂಘವು ತನ್ನ ಪಂದ್ಯಾವಳಿಗಳ ಶ್ರೇಣಿಯನ್ನು ಪುನರ್ವಿಂಗಡಿಸಿದಾಗ ಪಟ್ಟಿಯಲ್ಲಿ ಬೆಂಗಳೂರಿನ ಹೆಸರಿರಲಿಲ್ಲ. ಮೂರು ಆಧಾರಗಳಲ್ಲಿ ಕಾಲವೂ ಧನವೂ ಪರಾಧೀನವಾದುವು. ಬಂದ ದಾರಿಯಲ್ಲೇ ಹೋಗಬಲ್ಲವು. ನೆಲವೊಂದೇ ಊರಿನ ಸ್ವತ್ತು. ಆದಕಾರಣ ಮಹಾಪಂದ್ಯಗಳು ಬಂದು ಹೋದುವೆಂದು ಹಲುಬುವುದಕ್ಕಿಂತ, ನಮ್ಮ ಕಾಲೇಜುಗಳು ವಿದ್ಯಾರ್ಥಿನಿಯರಿಗೆ ನಂಬಿ ಆಡಬಹುದಾದ ಒಂದೊಂದು ಸಮನೆಲವನ್ನು ಒದಗಿಸುವುದು ಲೇಸು.