ಬೇರಿನೊಳಗಿನ ಬಿಗಿಪಟ್ಟಿ

ಚಿಕ್ಕೋಡಿ, ನಿಪ್ಪಾಣಿಗಳ ಹೊಲಗಳಲ್ಲಿ ಮುಂಗಾರಿಗೆ ಸೋಯಾಬೀನ್ ಬಿತ್ತಿದ ಮೇಲೆ, ಮೊಳಕೆ ತಲೆಯೆತ್ತುವ ಮುನ್ನವೇ, ನೆಲಕ್ಕೆ ಪೆಂಡಿಮೆಥಾಲಿನ್ ಎಂಬ ಕಳೆನಾಶಕವನ್ನು ಸಿಂಪಡಿಸುವುದುಂಟು. ರಾಯಬಾಗ, ಅಥಣಿ, ಕಾಗವಾಡಗಳ ಕಬ್ಬಿನ ಹೊಲಗಳಿಗೂ ಅದು ಸಲ್ಲುತ್ತದೆ. ಇದು ಕಳೆಯ ಎಲೆಯನ್ನು ಸುಡುವ ಮದ್ದಲ್ಲ. ಎಳೆಯ ಬೇರು ಉದ್ದವಾಗುವುದನ್ನೇ ತಡೆಯುತ್ತದೆ. ಅದಕ್ಕೆ ಸಿಕ್ಕ ಹುಲ್ಲಿನ ಸಸಿಯನ್ನು ಕಿತ್ತರೆ, ನೂಲಿನಂತಿರಬೇಕಾದ ಬೇರಿನ ತುದಿ ಗದೆಯಂತೆ ಉಬ್ಬಿರುತ್ತದೆ. ಹೀಗೇಕೆ?

ಮೊಳೆತ ಹೆಸರುಕಾಳಿನ ಬೇರಿಗೆ ಶಾಯಿಯಿಂದ ಸಮದೂರದಲ್ಲಿ ಗೆರೆಗಳನ್ನೆಳೆದು ಮರುದಿನ ನೋಡಿರಿ. ತುದಿಯ ಸಮೀಪದ ಗೆರೆಗಳು ಮಾತ್ರ ದೂರ ಸರಿದಿರುತ್ತವೆ. ಅಲ್ಲಿಯ ಜೀವಕೋಶಗಳು ನೀರು ಹೀರಿ ಉದ್ದವಾಗುತ್ತವೆ. ಮಣ್ಣನ್ನು ಸೀಳುವ ಬಲವೂ ಆ ನೀರಿನದೇ. ಕೋಶದೊಳಗಿನ ಒತ್ತಡ ಮೋಟಾರಿನ ಗಾಲಿಯೊಳಗಿನ ಒತ್ತಡವನ್ನೂ ಮೀರಿಸುತ್ತದೆ. ಆದರೆ ನೀರು ಎಲ್ಲ ಕಡೆಗೂ ಸಮನಾಗಿ ತಳ್ಳುತ್ತದೆಯಲ್ಲವೆ? ಕೋಶ ಬುಗ್ಗೆಯಂತೆ ಊದದೆ ಉದ್ದಕ್ಕೇ ಬೆಳೆಯುವುದು ಹೇಗೆ? ಪೀಪಾಯಿಗೆ ಬಿಗಿದ ಕಬ್ಬಿಣದ ಪಟ್ಟಿಗಳಂತೆ ಸೆಲ್ಯುಲೋಸಿನ ಎಳೆಗಳು ಕೋಶಭಿತ್ತಿಯನ್ನು ಅಡ್ಡಲಾಗಿ ಸುತ್ತುವರಿದಿವೆ. ಅಗಲಕ್ಕೆ ಎಡೆಯಿಲ್ಲದ ಕೋಶ ಉದ್ದಕ್ಕೆ ಚಾಚುತ್ತದೆ.

ಎಳೆಗಳಿಗೆ ಆ ದಿಕ್ಕನ್ನು ತೋರಿಸುವವರಾರು? ೧೯೬೩ರಲ್ಲಿ ಹಾರ್ವರ್ಡಿನ ಲೆಡ್‌ಬೆಟರ್ ಮತ್ತು ಪೋರ್ಟರ್ ಎಂಬ ವಿಜ್ಞಾನಿಗಳು ಬೇರುತುದಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತ, ಭಿತ್ತಿಯ ಒಳಮಗ್ಗುಲಲ್ಲಿ ಅತಿಸೂಕ್ಷ್ಮ ಕೊಳವೆಗಳನ್ನು ಕಂಡರು. ೪೦,೦೦೦ ಕೊಳವೆಗಳನ್ನು ಒತ್ತಾಗಿ ಜೋಡಿಸಿದರೆ ಒಂದು ಮಿಲಿಮೀಟರು! ಹೊರಗಿನ ಎಳೆಗಳೂ ಒಳಗಿನ ಕೊಳವೆಗಳೂ ಒಂದೇ ದಿಕ್ಕಿಗಿದ್ದವು. ೨೦೦೬ರಲ್ಲಿ ಸ್ಟ್ಯಾನ್‌ಫೋರ್ಡಿನ ಕಾರ್ನೆಗಿ ಸಂಸ್ಥೆಯವರು ಜೀವಂತ ಸಸಿಯಲ್ಲೇ ಇನ್ನೊಂದು ಸೋಜಿಗವನ್ನು ಕಂಡರು: ಸೆಲ್ಯುಲೋಸ್ ನೂಲುವ ಕಣಗಳು ಈ ಕೊಳವೆಗಳ ಜಾಡು ಹಿಡಿದು ಸಾಗುತ್ತಿದ್ದವು.

ಇಂಥ ಕೊಳವೆಗಳಿಗೂ ಜೊತೆಯ ತಂತುಗಳಿಗೂ ಸೇರಿ ಕೋಶದ ಅಸ್ಥಿಪಂಜರವೆಂದು ಹೆಸರು. ಹೆಸರೇನೋ ಅಷ್ಟು ಒಪ್ಪುವುದಿಲ್ಲ. ನಮ್ಮ ಮೂಳೆಗಳಂತೆ ಇವು ಸ್ಥಿರವಲ್ಲ. ನಿಮಿಷ ನಿಮಿಷಕ್ಕೂ ಕಟ್ಟಿಕೊಳ್ಳುತ್ತ, ಕಳಚುತ್ತ ಇರುತ್ತವೆ. ಪೆಂಡಿಮೆಥಾಲಿನ್ ಹೊಂಚುಹಾಕುವುದು ಇಲ್ಲಿಯೇ. ಕೊಳವೆಗೆ ಇಟ್ಟಿಗೆಯಾಗುವ ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಅದು ಅಂಟಿಕೊಳ್ಳುತ್ತದೆ. ಕಳಚಿದ್ದು ಮತ್ತೆ ಕಟ್ಟಿಕೊಳ್ಳದು. ಕೋಶ ಎರಡಾಗುವುದಕ್ಕೂ ಈ ಕೊಳವೆಗಳೇ ಬೇಕಾದ್ದರಿಂದ ಅದೂ ನಿಲ್ಲುತ್ತದೆ.

ಹಾಗಾದರೆ ಪೈರು ಉಳಿಯುವುದೆಂತು? ಬಹುಮಟ್ಟಿಗೆ ಆಳದಿಂದ. ಈ ಔಷಧ ಮೇಲ್ಮಣ್ಣಿಗೆ ಬಲವಾಗಿ ಅಂಟಿ, ಕೆಳಗಿಳಿಯುವುದು ಕಡಿಮೆ. ಹುಲ್ಲಿನ ಸಣ್ಣ ಬೀಜ ಆ ಪದರದಲ್ಲೇ ಮೊಳೆಯುತ್ತದೆ. ಸೋಯಾಬೀನಿನ ಬೇರು ಅದರ ಕೆಳಗೆ ಹರಡುತ್ತದೆ. ಕಾಳು ತೀರ ಮೇಲೆ ಬಿದ್ದಿದ್ದರೆ ಅಥವಾ ಔಷಧದ ಪ್ರಮಾಣ ಹೆಚ್ಚಿದ್ದರೆ ಪೈರಿಗೂ ಅದೇ ಗತಿಯಾದೀತು. ಬೆಳೆ ಕುಂಠಿತವಾದಾಗ ಗೊಬ್ಬರದಂಗಡಿಗೆ ಓಡುವ ಮುನ್ನ ಒಂದು ಸಸಿಯನ್ನು ಮಣ್ಣುಸಮೇತ ಎಬ್ಬಿಸಿ, ತೊಳೆದು ನೋಡುವುದು ಮೇಲು. ಬೇರಿನುದ್ದಕ್ಕೂ ಗಂಟುಗಳಿದ್ದರೆ ಜಂತುಹುಳುವಿನ ಬಾಧೆಯಿರಬಹುದು. ಬೇರು ಮೊಂಡಾಗಿ ತುದಿ ಮಾತ್ರ ಉಬ್ಬಿದ್ದರೆ ಔಷಧದ ಮೇಲೆ ಸಂದೇಹಪಡಬಹುದು.