ಒಂದು ಪಕ್ಕ ನಿಂತ ಟ್ಯಾಂಕು

ರಿಮೋಟಿನ ಕಡ್ಡಿಯನ್ನು ಮುಂದಕ್ಕೆ ತಳ್ಳಿದರೆ ಟ್ಯಾಂಕು ನೇರ ಹೋಗಬೇಕು. ಇದು ಹೋಗುತ್ತಿಲ್ಲ. ಎಡಕ್ಕೆ ತಿರುಗುತ್ತ, ತಿರುಗುತ್ತ, ಗಾಣಕ್ಕೆ ಕಟ್ಟಿದ ಎತ್ತಿನಂತೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಬಲಗಡೆಯ ಚೈನು ಸರಸರನೆ ಓಡುತ್ತಿದೆ, ಎಡಗಡೆಯದು ಕದಲುತ್ತಿಲ್ಲ. ಎರಡನೇ ಮಹಾಯುದ್ಧದ ಜರ್ಮನ್ ಟೈಗರ್ ಟ್ಯಾಂಕನ್ನು 16ರಲ್ಲಿ 1 ಪಾಲಿಗೆ ಇಳಿಸಿದ ಮಾದರಿ ಅದು. ಫಿರಂಗಿಯ ತುದಿಯವರೆಗೆ ಅಳೆದರೆ ಅರ್ಧ ಮೀಟರಿಗಿಂತ ತುಸು ಹೆಚ್ಚು. ಹೊಗೆ ಬರುತ್ತದೆ, ಎಂಜಿನ್ನಿನ ಸದ್ದು ಬರುತ್ತದೆ, ಗೋಪುರ ತಿರುಗುತ್ತದೆ. ನಡೆಯುವುದೊಂದೇ ಆಗುತ್ತಿಲ್ಲ.

ರೇಡಿಯೊ ಟ್ಯಾಂಕು ಇಟ್ಟುಕೊಂಡವರಿಗೆಲ್ಲ ಇದು ಒಂದಲ್ಲ ಒಂದು ದಿನ ಎದುರಾಗುವ ತೊಂದರೆ. ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಹೊಸ ಮೋಟಾರು ತರಿಸುವುದು. ಅದನ್ನು ಹಾಕಿದ ಮೇಲೂ ಟ್ಯಾಂಕು ಹಾಗೇ ಸುತ್ತುತ್ತದೆ. ಆಗ ಮೋಟಾರುಗಳನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಬೋರ್ಡು ತರಿಸುತ್ತಾರೆ. ದುಡ್ಡು ಹೋಗುತ್ತದೆ, ತೊಂದರೆ ಉಳಿಯುತ್ತದೆ. ಇಷ್ಟೆಲ್ಲ ಬೇಕಿಲ್ಲ. ಯಾವ ಯಂತ್ರಕ್ಕೂ ಸುಲಭವಾಗಿ ಸಿಗದ ಒಂದು ಅನುಕೂಲ ಟ್ಯಾಂಕಿಗೆ ಹುಟ್ಟಿನಿಂದಲೇ ಇದೆ: ಅದರೊಳಗೆ ಚೈನು ಓಡಿಸುವ ಭಾಗಗಳೆಲ್ಲ ಜೋಡಿ. ಕೆಟ್ಟ ಎಡಕ್ಕೆ ಹೋಲಿಸಿ ನೋಡಲು ಚೆನ್ನಾಗಿರುವ ಬಲ ಪಕ್ಕದಲ್ಲೇ ಇರುತ್ತದೆ.

ಕಾರಿಗಿರುವಂತೆ ಟ್ಯಾಂಕಿಗೆ ತಿರುಗುವ ಮುಂಗಾಲಿಗಳಿಲ್ಲ. ಜೋಡೆತ್ತಿನ ಗಾಡಿಯನ್ನು ನೆನೆದರೆ ಅದರ ಗುಟ್ಟು ತಿಳಿಯುತ್ತದೆ. ಎಡದ ಎತ್ತನ್ನು ಹಿಡಿದು ಬಲದ ಎತ್ತನ್ನು ಹೊಡೆದರೆ ಗಾಡಿ ಎಡಕ್ಕೆ ಹೊರಳುತ್ತದೆ. ಟ್ಯಾಂಕಿನಲ್ಲೂ ಒಂದು ಬದಿಯ ಚೈನು ನಿಧಾನವಾದರೆ ಆ ಕಡೆಗೇ ತಿರುವು. 1916ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಸೋಮ್ ರಣರಂಗಕ್ಕಿಳಿದ ಬ್ರಿಟನ್ನಿನ ಮಾರ್ಕ್ 1 ಟ್ಯಾಂಕಿನಲ್ಲಿ ಇದಕ್ಕಾಗಿ ನಾಲ್ಕು ಜನ ಬೇಕಾಗಿದ್ದರು. ಚಾಲಕ ಒಬ್ಬ, ಬ್ರೇಕು ಹಿಡಿಯುವ ಅಧಿಕಾರಿ ಒಬ್ಬ, ಹಿಂದುಗಡೆ ಎಡಕ್ಕೊಬ್ಬ ಬಲಕ್ಕೊಬ್ಬ ಗೇರು ಬದಲಿಸುವವರು. ಎಂಜಿನ್ನಿನ ಅಬ್ಬರದಲ್ಲಿ ಮಾತು ಕೇಳುತ್ತಿರಲಿಲ್ಲ. ಸನ್ನೆಯಲ್ಲೇ ಎಲ್ಲ ನಡೆಯಬೇಕಿತ್ತು. ಆ ಇಬ್ಬರು ಗೇರಿನವರ ಜಾಗದಲ್ಲಿ ಇಂದಿನ ಆಟದ ಟ್ಯಾಂಕಿನೊಳಗೆ ಹೆಬ್ಬೆರಳಿನಷ್ಟು ದಪ್ಪದ ಎರಡು ಮೋಟಾರುಗಳಿವೆ.

ಜಪಾನಿನ ತಾಮಿಯಾ ಕಂಪನಿ ತನ್ನ ಮೊದಲ ರೇಡಿಯೊ ಮಾದರಿಯಾಗಿ ಅಮೆರಿಕದ ಶರ್ಮನ್ ಟ್ಯಾಂಕನ್ನು ಹೊರತಂದದ್ದು 1974ರಲ್ಲಿ, ಇದೇ 16ರಲ್ಲಿ 1 ಅಳತೆಯಲ್ಲಿ. ಆಮೇಲೆ ಚೀನಾದ ಹೆಂಗ್ ಲಾಂಗ್‌ನಂಥ ಕಂಪನಿಗಳು ಇದೇ ಗಾತ್ರದ ಟ್ಯಾಂಕುಗಳನ್ನು ಕಡಿಮೆ ಬೆಲೆಗೆ ಮಾಡತೊಡಗಿದ ಮೇಲೆ ಈ ಹವ್ಯಾಸ ಬಹಳ ಜನರ ಕೈಗೆಟುಕಿತು. ಒಳಗಿನ ಏರ್ಪಾಡು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ: ಬ್ಯಾಟರಿ, ಸ್ವಿಚ್ಚು, ಬೋರ್ಡು, ಅಲ್ಲಿಂದ ಎರಡು ಮೋಟಾರಿಗೆ ಬೇರೆಬೇರೆ ವೈರು, ಪ್ರತಿ ಮೋಟಾರಿನ ತುದಿಗೆ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿ, ಅದರಾಚೆ ಗೇರುಗಳ ಸಾಲು, ಕೊನೆಗೆ ಚೈನನ್ನು ಎಳೆಯುವ ಸ್ಪ್ರಾಕೆಟ್.

ಈ ಗೇರುಗಳ ಕೆಲಸ ಎಷ್ಟು ಭಾರದ್ದೆಂದು ಒಂದು ಲೆಕ್ಕ ಹಾಕಿ ನೋಡಬಹುದು. ನಿಜವಾದ ಟೈಗರಿನ ವೇಗ ರಸ್ತೆಯಲ್ಲಿ ಗಂಟೆಗೆ ಸುಮಾರು 38 ಕಿಲೋಮೀಟರ್. ಅದನ್ನು 16ರಿಂದ ಭಾಗಿಸಿದರೆ ಮಾದರಿಯ ವೇಗ ಸೆಕೆಂಡಿಗೆ 66 ಸೆಂಟಿಮೀಟರ್. ಮಾದರಿಯ ಸ್ಪ್ರಾಕೆಟಿನ ವ್ಯಾಸ ಸುಮಾರು 5 ಸೆಂಟಿಮೀಟರ್, ಅಂದರೆ ಸುತ್ತಳತೆ 16. ಹಾಗಾಗಿ ಸೆಕೆಂಡಿಗೆ ನಾಲ್ಕು ಸುತ್ತು, ನಿಮಿಷಕ್ಕೆ 250 ಸುತ್ತು ಸಾಕು. ಮೋಟಾರು ಮಾತ್ರ ನಿಮಿಷಕ್ಕೆ 15,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಅಷ್ಟನ್ನು ಅರುವತ್ತನೇ ಒಂದು ಭಾಗಕ್ಕೆ ಇಳಿಸಬೇಕು. ವೇಗ ಇಳಿದಷ್ಟೂ ತಿರುಚುವ ಬಲ ಏರುತ್ತದೆ. ಹಾಗಾಗಿ ಗೇರುಸಾಲಿನಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಕೊನೆಯ ಗೇರು.

ಈಗ ಸುತ್ತುತ್ತಿರುವ ಆ ಟೈಗರಿಗೆ ಮರಳೋಣ. ಮೊದಲು ಹೊಟ್ಟೆಯಡಿ ಒಂದು ಮರದ ತುಂಡಿಟ್ಟು ಚೈನುಗಳು ನೆಲಕ್ಕೆ ತಾಗದಂತೆ ಎತ್ತಿ ನಿಲ್ಲಿಸಬೇಕು. ಹಾಗೆ ಎತ್ತಿದಾಗ ಎಡದ ಚೈನು ತಿರುಗಿದರೆ ವಿದ್ಯುತ್ತು ತಲುಪುತ್ತಿದೆ ಎಂದರ್ಥ. ಭಾರ ಬಿದ್ದಾಗ ಎಲ್ಲೋ ಏನೋ ಜಾರುತ್ತಿದೆ. ಎತ್ತಿದರೂ ತಿರುಗದಿದ್ದರೆ ಕಿವಿಗೊಡಬೇಕು. ಮೋಟಾರು ಒಳಗೆ ಗುಂಯ್‌ಗುಡುತ್ತಿದ್ದು ಚೈನು ನಿಂತಿದ್ದರೆ ತೊಂದರೆ ಗೇರಿನದು. ಸದ್ದೇ ಇಲ್ಲವೆಂದರೆ ವಿದ್ಯುತ್ತಿನದು, ಇಲ್ಲವೇ ಯಾವುದೋ ಗೇರು ಬಿಗಿಯಾಗಿ ಸಿಕ್ಕಿಬಿದ್ದಿದೆ. ಹೀಗೆ ಒಂದು ನಿಮಿಷದಲ್ಲಿ ಹುಡುಕಾಟದ ಜಾಗ ಅರ್ಧಕ್ಕಿಳಿಯುತ್ತದೆ.

ನಮ್ಮ ಟೈಗರಿನ ಎಡಗಡೆಯಲ್ಲಿ ಸದ್ದಿಲ್ಲ. ಇಲ್ಲಿ ಬರುತ್ತದೆ ಅದಲುಬದಲಿನ ಪರೀಕ್ಷೆ. ಬೋರ್ಡಿನ ಮೇಲೆ ಎಡ ಮೋಟಾರಿನ ಪ್ಲಗ್ಗು, ಬಲ ಮೋಟಾರಿನ ಪ್ಲಗ್ಗು ಅಕ್ಕಪಕ್ಕದಲ್ಲೇ ಇರುತ್ತವೆ. ಬ್ಯಾಟರಿ ತೆಗೆದು, ಇದನ್ನು ಅಲ್ಲಿಗೆ ಅದನ್ನು ಇಲ್ಲಿಗೆ ಚುಚ್ಚಿ, ಮತ್ತೆ ಬ್ಯಾಟರಿ ಸೇರಿಸಿ ಕಡ್ಡಿ ತಳ್ಳಬೇಕು. ಈಗಲೂ ಎಡದ ಚೈನೇ ನಿಂತಿದ್ದರೆ ಬೋರ್ಡು ನಿರ್ದೋಷಿ. ತಪ್ಪು ಎಡದ ಮೋಟಾರಿನದ್ದು, ಅದರ ವೈರಿನದ್ದು ಅಥವಾ ಸಿಕ್ಕಿಬಿದ್ದ ಗೇರಿನದ್ದು. ಎಡದ್ದು ಓಡಿ ಬಲದ್ದು ನಿಂತರೆ ಮೋಟಾರುಗಳೆರಡೂ ಚೆನ್ನಾಗಿವೆ, ಬೋರ್ಡಿನ ಎಡ ದಾರಿ ಸುಟ್ಟಿದೆ. ಯಾವ ಉಪಕರಣವೂ ಬೇಡ, ಒಂದು ಪೈಸೆ ಖರ್ಚಿಲ್ಲ. ಹೊಸ ಭಾಗ ತರಿಸುವ ಮುನ್ನ ಇದೊಂದನ್ನು ಮಾಡಿದ್ದರೆ ಎಷ್ಟೋ ಮೋಟಾರುಗಳು ಅನ್ಯಾಯವಾಗಿ ಕಸದ ಬುಟ್ಟಿ ಸೇರುತ್ತಿರಲಿಲ್ಲ.

ತಪ್ಪು ಮೋಟಾರಿನ ಕಡೆಯದೆಂದು ತಿಳಿದರೂ ಮೋಟಾರನ್ನೇ ದೂರುವ ಹಾಗಿಲ್ಲ. ಮೊದಲು ಅದರ ಬೆನ್ನಿನ ಬೆಸುಗೆ ನೋಡಬೇಕು. ವೈರಿನ ತಾಮ್ರದ ಎಳೆಗಳು ಬೆಸುಗೆಯ ಬುಡದಲ್ಲೇ ತುಂಡಾಗುವುದು ಹೆಚ್ಚು, ಅಲುಗಾಟವೆಲ್ಲ ಬಂದು ಅಲ್ಲಿ ಸೇರುತ್ತದಾದ್ದರಿಂದ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಹಾಗೇ ಇದ್ದು ಒಳಗೆ ತಾಮ್ರ ಕಡಿದಿರುವುದೂ ಉಂಟು. ಮೆಲ್ಲನೆ ಎಳೆದು ನೋಡಿದರೆ ಆ ಜಾಗ ರಬ್ಬರಿನಂತೆ ಹಿಗ್ಗುತ್ತದೆ. ಬೆಸುಗೆ ಗಟ್ಟಿಯಿದ್ದರೆ, ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಸೆಲ್ಲನ್ನು ಎರಡು ವೈರಿನ ತುಂಡುಗಳಿಂದ ನೇರವಾಗಿ ಮೋಟಾರಿಗೆ ಮುಟ್ಟಿಸಬಹುದು. ಒಳ್ಳೆಯ ಮೋಟಾರು ಅಷ್ಟಕ್ಕೇ ತಿರುಗಲು ನೋಡುತ್ತದೆ. ಬೆರಳಿಂದ ಸ್ವಲ್ಪ ತಳ್ಳಿದರೆ ಮಾತ್ರ ಹೊರಡುತ್ತದೆ ಎಂದಾದರೆ, ಒಳಗೆ ಕಾರ್ಬನ್ ಬ್ರಷ್ ಉಜ್ಜುವ ತಾಮ್ರದ ಪಟ್ಟಿ ಸುಟ್ಟಿರಬಹುದು ಅಥವಾ ಬ್ರಷ್ಷೇ ಸವೆದಿರಬಹುದು. ಅಂಥದ್ದನ್ನು ಬದಲಿಸಲೇಬೇಕು.

ಬೋರ್ಡು ಸುಡುವುದಕ್ಕೆ ಒಂದು ಸೊಗಸಾದ ಕಾರಣವಿದೆ. ತಿರುಗುವ ಮೋಟಾರು ಅದೇ ಹೊತ್ತಿಗೆ ಡೈನಮೊ ಕೂಡ ಹೌದು. ಬ್ಯಾಟರಿಗೆ ಎದುರಾಗಿ ತನ್ನದೇ ವೋಲ್ಟೇಜನ್ನು ಹುಟ್ಟಿಸಿ, ಒಳಬರುವ ವಿದ್ಯುತ್ತನ್ನು ತಾನೇ ತಡೆಯುತ್ತದೆ. ವೇಗವಾಗಿ ತಿರುಗಿದಷ್ಟೂ ಈ ತಡೆ ಹೆಚ್ಚು. ಚೈನಿಗೆ ಕಲ್ಲು ಸಿಕ್ಕಿ ಮೋಟಾರು ನಿಂತುಬಿಟ್ಟರೆ ತಡೆ ಸೊನ್ನೆಗಿಳಿಯುತ್ತದೆ. ಸುರುಳಿಯ ರೋಧ 1 ಓಮ್ ಎಂದುಕೊಂಡರೆ 7.2 ವೋಲ್ಟಿನ ಬ್ಯಾಟರಿಯಿಂದ 7 ಆಂಪಿಯರ್ ನುಗ್ಗುತ್ತದೆ, ಅದೆಲ್ಲ ಶಾಖವಾಗುತ್ತದೆ. ಸಿಕ್ಕಿಬಿದ್ದ ಟ್ಯಾಂಕನ್ನು ಬಿಡಿಸಲು ಕಡ್ಡಿಯನ್ನು ಇನ್ನೂ ಒತ್ತಿ ಹಿಡಿಯುವುದು ಬೋರ್ಡನ್ನು ಕೈಯಾರೆ ಸುಟ್ಟ ಹಾಗೆ. ದಪ್ಪ ಕಾರ್ಪೆಟ್ಟಿನ ಮೇಲೆ ನಿಂತಲ್ಲೇ ತಿರುಗಿಸುವುದೂ ಅಷ್ಟೇ ಕೆಟ್ಟದ್ದು. ತಿರುಗುವಾಗ ಚೈನು ಪಕ್ಕಕ್ಕೆ ಉಜ್ಜಿಕೊಂಡು ಹೋಗಬೇಕು. ಟೈಲ್ಸಿನ ಮೇಲೆ ಸುಲಭವಾಗಿ ಜಾರುವ ಚೈನು ಕಾರ್ಪೆಟ್ಟಿನ ನೂಲನ್ನು ಕಚ್ಚಿ ಹಿಡಿಯುತ್ತದೆ.

ಇನ್ನು ಗೇರಿನ ಕಡೆಯ ತೊಂದರೆ. ಮೋಟಾರಿನ ಸದ್ದಿದ್ದು ಚೈನು ನಿಂತಿದ್ದರೆ ಮೊದಲ ಅನುಮಾನ ಪಿನಿಯನ್ ಮೇಲೆ. ಹಲವು ಮಾದರಿಗಳಲ್ಲಿ ಅದನ್ನು ಮೋಟಾರಿನ ದಂಡಕ್ಕೆ ಕಚ್ಚಿಸಿ ಹಿಡಿಯುವುದು ಅಕ್ಕಿಕಾಳಿನಷ್ಟು ಸಣ್ಣ ಸ್ಕ್ರೂ. ದಂಡದ ಒಂದು ಮಗ್ಗುಲು ಚಪ್ಪಟೆಯಾಗಿರುತ್ತದೆ. ಸ್ಕ್ರೂ ಆ ಚಪ್ಪಟೆಯ ಮೇಲೆ ನೆಟ್ಟಗೆ ಕೂತಿರಬೇಕು. ಅದುರಿ ಅದುರಿ ಸಡಿಲವಾದರೆ ದಂಡ ಮಾತ್ರ ತಿರುಗುತ್ತದೆ, ಪಿನಿಯನ್ ತಿರುಗುವುದಿಲ್ಲ. ಪ್ಲಾಸ್ಟಿಕ್ ಗೇರಾದರೆ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಕಟಕಟ ಎಂಬ ಸದ್ದು ಒಂದೇ ಲಯದಲ್ಲಿ ಬರುತ್ತಿದ್ದರೆ ಯಾವುದೋ ಗೇರಿನ ಒಂದು ಹಲ್ಲು ಹೋಗಿದೆ.

ಭಾರ ಹೆಚ್ಚಿದಾಗ ಈ ಹಲ್ಲುಗಳೇ ಮೊದಲು ಸೋಲುತ್ತವೆ. ನಿಜವಾದ ಟೈಗರಿನ ತೂಕ 57 ಟನ್. ಉದ್ದ, ಅಗಲ, ಎತ್ತರ ಮೂರನ್ನೂ 16ರಿಂದ ಭಾಗಿಸಿದರೆ ತೂಕ 4,096ರಲ್ಲಿ 1 ಪಾಲಾಗಿ ಸುಮಾರು 14 ಕಿಲೋ ಆಗಬೇಕು. ಪ್ಲಾಸ್ಟಿಕ್ ಮಾದರಿ ಅದರ ಅರ್ಧದಷ್ಟೂ ತೂಗುವುದಿಲ್ಲ, ಹಾಗಾಗಿ ಅದರ ನಡಿಗೆಯಲ್ಲಿ ಗಾಂಭೀರ್ಯವಿಲ್ಲ ಎಂದು ಹವ್ಯಾಸಿಗಳು ಲೋಹದ ಚೈನು, ಲೋಹದ ಗಾಲಿ ಹಾಕುತ್ತಾರೆ. ಆಸೆ ಸರಿಯಾದದ್ದೇ. ಆದರೆ ಒಳಗಿನ ಪ್ಲಾಸ್ಟಿಕ್ ಗೇರುಪೆಟ್ಟಿಗೆಯನ್ನು ಹಾಗೇ ಬಿಟ್ಟು ಹೊರಗೆ ಮಾತ್ರ ಲೋಹ ಹಾಕಿದರೆ ಅದು ಹೆಚ್ಚು ದಿನ ಬಾಳುವುದಿಲ್ಲ.

ಇದೇ ತಪ್ಪನ್ನು ನಿಜವಾದ ಟ್ಯಾಂಕು ಕಟ್ಟಿದವರೂ ಮಾಡಿದ್ದರು. ಟೈಗರಿನ ಜೊತೆಯ ಪ್ಯಾಂಥರ್ ಟ್ಯಾಂಕಿನ ವಿನ್ಯಾಸ ಹಂತದಲ್ಲೇ ದಪ್ಪ ಕವಚ ಸೇರಿ, ತೂಕ ಏರುತ್ತ 45 ಟನ್ನಿನ ಹತ್ತಿರ ಹೋಯಿತು. ಸ್ಪ್ರಾಕೆಟಿಗೆ ಬಲ ಮುಟ್ಟಿಸುವ ಕೊನೆಯ ಗೇರುಗಳು ಮಾತ್ರ ಆ ಭಾರಕ್ಕೆ ತಕ್ಕಂತಿರಲಿಲ್ಲ. ನಡುವಿನ ಗೇರಿನ ಸುತ್ತ ಪುಟ್ಟ ಗೇರುಗಳು ಗ್ರಹಗಳಂತೆ ಸುತ್ತುವ ಗಟ್ಟಿ ಜೋಡಣೆ ಅಲ್ಲಿಗೆ ಬೇಕಿತ್ತು. ಅಂಥ ಗೇರು ಕೊರೆಯುವ ಯಂತ್ರಗಳು ಯುದ್ಧಕಾಲದ ಜರ್ಮನಿಯಲ್ಲಿ ಸಾಲದೆ, ನೇರ ಹಲ್ಲಿನ ಸಾದಾ ಗೇರುಗಳನ್ನೇ ಹಾಕಿದರು. ಯುದ್ಧ ಮುಗಿದ ಮೇಲೆ ಸಿಕ್ಕ ಪ್ಯಾಂಥರುಗಳನ್ನು ಫ್ರೆಂಚ್ ಸೈನ್ಯ ಕೆಲಕಾಲ ಬಳಸಿತು. 1947ರಲ್ಲಿ ಅದು ಬರೆದ ವರದಿಯ ಪ್ರಕಾರ ಆ ಗೇರುಗಳ ಸರಾಸರಿ ಆಯುಸ್ಸು 150 ಕಿಲೋಮೀಟರ್. ಬೆಂಗಳೂರಿನಿಂದ ಹೊರಟ ಟ್ಯಾಂಕು ಮೈಸೂರು ಮುಟ್ಟುವ ಹೊತ್ತಿಗೆ ಗೇರು ಬದಲಿಸಬೇಕಾದಷ್ಟು.

ಚೈನಿನ ಬಿಗಿತವೂ ಒಂದು ಕಲೆ. ತೀರಾ ಸಡಿಲವಾದರೆ ತಿರುವಿನಲ್ಲಿ ಸ್ಪ್ರಾಕೆಟಿನ ಹಲ್ಲು ತಪ್ಪಿ ಚೈನು ಕಳಚಿ ಬೀಳುತ್ತದೆ. ತೀರಾ ಬಿಗಿಯಾದರೆ ದಂಡ, ಬೇರಿಂಗು, ಗೇರು ಎಲ್ಲದರ ಮೇಲೂ ಸದಾ ಎಳೆತವಿದ್ದು ಮೋಟಾರು ಬಿಸಿಯಾಗುತ್ತದೆ. ಟೈಗರಿನಂಥ ಟ್ಯಾಂಕಿನಲ್ಲಿ ಮೇಲಿನ ಚೈನು ಗಾಲಿಗಳ ಮೇಲೆ ತುಸು ಜೋತು ಮಲಗಿರುವುದೇ ಸರಿಯಾದ ಹದ. ಗಾಲಿಯ ದಂಡಗಳಿಗೆ ಸುತ್ತಿಕೊಂಡ ತಲೆಗೂದಲು, ಕಾರ್ಪೆಟ್ಟಿನ ನೂಲುಗಳನ್ನೂ ಚಿಮಟದಿಂದ ಎಳೆದು ತೆಗೆಯಬೇಕು. ಮನೆಯೊಳಗೆ ಓಡುವ ಟ್ಯಾಂಕಿನಲ್ಲಿ ಅದು ಅಚ್ಚರಿಯಾಗುವಷ್ಟು ಸೇರಿಕೊಂಡಿರುತ್ತದೆ.

ಪೂರ್ತಿ ನಿಲ್ಲದೆ, ನೇರ ಹೋಗಬೇಕಾದದ್ದು ಮೆಲ್ಲಗೆ ಒಂದು ಕಡೆಗೆ ಎಳೆಯುವ ಟ್ಯಾಂಕುಗಳೂ ಇವೆ. ಇವುಗಳ ಪರೀಕ್ಷೆಗೆ ನೆಲದ ಟೈಲ್ಸಿನ ಗೆರೆಯೇ ಅಳತೆಗೋಲು. ಗೆರೆಯ ಮೇಲೆ ಮುಂದಕ್ಕೆ ಬಿಡಬೇಕು, ಆಮೇಲೆ ಹಿಂದಕ್ಕೆ. ಎರಡು ಸಲವೂ ತನ್ನ ಎಡಗಡೆಗೇ ಬಾಗಿದರೆ ಎಡದಲ್ಲಿ ಉಜ್ಜಾಟ ಹೆಚ್ಚಿದೆ: ಬಿಗಿ ಚೈನು, ಒಣಗಿದ ಗ್ರೀಸು, ಸಿಕ್ಕ ಕೂದಲು. ಮುಂದೆ ಹೋಗುವಾಗ ಎಡಕ್ಕೂ ಹಿಂದೆ ಬರುವಾಗ ತನ್ನ ಬಲಕ್ಕೂ ಬಾಗಿದರೆ ಕಾರಣ ಬೇರೆ. ಎರಡು ಮೋಟಾರುಗಳು ಕನ್ನಡಿಯ ಬಿಂಬದಂತೆ ಎದುರುಬದುರಾಗಿ ಕೂತಿರುವುದರಿಂದ, ಟ್ಯಾಂಕು ಮುಂದೆ ಹೋಗುವಾಗ ಒಂದು ಬಲಸುತ್ತು ತಿರುಗಿದರೆ ಇನ್ನೊಂದು ಎಡಸುತ್ತು ತಿರುಗುತ್ತದೆ. ಕೆಲವು ಮೋಟಾರುಗಳು ಒಂದು ದಿಕ್ಕಿನಲ್ಲಿ ಇನ್ನೊಂದಕ್ಕಿಂತ ತುಸು ಚುರುಕು. ಅದು ರೋಗವಲ್ಲ, ಹುಟ್ಟುಗುಣ. ರಿಮೋಟಿನ ಟ್ರಿಮ್ ಗುಂಡಿಯಿಂದ ಮುಂದಿನ ಓಟವನ್ನು ಸರಿಮಾಡಿಕೊಂಡರೆ ಸಾಕು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಬಂದು ಹೋಗುವ ತೊಂದರೆ. ಮುಚ್ಚಳ ತೆಗೆದರೆ ಟ್ಯಾಂಕು ಚೆನ್ನಾಗಿ ಓಡುತ್ತದೆ, ಸ್ಕ್ರೂ ಬಿಗಿದು ಮುಚ್ಚಿದರೆ ನಿಲ್ಲುತ್ತದೆ. ಅಲ್ಲಿ ಯಾವುದೋ ವೈರು ಮೇಲಿನ ಮತ್ತು ಕೆಳಗಿನ ಕವಚದ ನಡುವೆ ಸಿಕ್ಕಿ ಹಿಸುಕಿಕೊಳ್ಳುತ್ತಿದೆ. ಓಡುತ್ತ ಓಡುತ್ತ ರಿಮೋಟಿನ ಮಾತು ಕೇಳದೆ ಜರ್ಕು ಹೊಡೆಯುತ್ತಿದ್ದರೆ ಮೋಟಾರಿನ ಬ್ರಷ್ಷಿನಲ್ಲಿ ಏಳುವ ಕಿಡಿಗಳೇ ರೇಡಿಯೊಗೆ ಅಡ್ಡಿ ಮಾಡುತ್ತಿರಬಹುದು. 27 ಮೆಗಾಹರ್ಟ್ಸ್‌ನ ಹಳೆಯ ರಿಮೋಟುಗಳಲ್ಲಿ ಇದು ಸಾಮಾನ್ಯ. ಮೋಟಾರಿಗೆ ವೈರು ಬೆಸೆದ ಎರಡು ತುದಿಗಳ ನಡುವೆ 104 ಎಂದು ಮುದ್ರಿಸಿದ ಸಣ್ಣ ಸೆರಾಮಿಕ್ ಕೆಪಾಸಿಟರ್ ಬೆಸೆದರೆ ಕಿಡಿಯ ಗದ್ದಲ ಅಲ್ಲೇ ಅಡಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅದು ಕೆಲವೇ ರೂಪಾಯಿಗೆ ಸಿಗುತ್ತದೆ.

ಎರಡೂ ಕಡೆ ಒಟ್ಟಿಗೆ ಸೋತರೆ ಮೊದಲು ನೋಡಬೇಕಾದದ್ದು ಬ್ಯಾಟರಿಯನ್ನು. ಮಲ್ಟಿಮೀಟರು ಸರಿಯಾದ ವೋಲ್ಟೇಜು ತೋರಿಸಿತೆಂದು ನಂಬಿ ಬಿಡಬಾರದು. ಹಳೆಯ ಬ್ಯಾಟರಿ ಸುಮ್ಮನಿದ್ದಾಗ ಪೂರ್ತಿ ತೋರಿಸಿ, ಮೋಟಾರು ಹೊರಟ ಕೂಡಲೇ ಕುಸಿಯುತ್ತದೆ. ಹಾಗಾಗಿ ಚೈನು ಓಡುತ್ತಿರುವಾಗಲೇ ಅಳೆಯಬೇಕು. ಎರಡು ಸೆಲ್ಲಿನ ಲಿಥಿಯಂ ಬ್ಯಾಟರಿಯಾದರೆ ತುಂಬಿದಾಗ 8.4 ವೋಲ್ಟ್ ಇರಬೇಕು, ಓಟದ ನಡುವೆ 6ಕ್ಕಿಂತ ಕೆಳಗಿಳಿಯಬಾರದು. ಹೊಟ್ಟೆ ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲೇಕೂಡದು. ಬೆಂಕಿ ಹತ್ತಬಹುದು.

ಮನೆಯಲ್ಲಿ ಇಂಥ ಟ್ಯಾಂಕು ಕೆಟ್ಟು ಅಟ್ಟ ಸೇರಿದ್ದರೆ ಒಮ್ಮೆ ಕೆಳಗಿಳಿಸಿ ನೋಡಿ. ಬಿಚ್ಚುವ ಮುನ್ನ ಬ್ಯಾಟರಿ ತೆಗೆದಿಡಿ, ವೈರುಗಳು ಎಲ್ಲೆಲ್ಲಿ ಕೂತಿವೆಯೆಂದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಎಡದ ಸ್ಕ್ರೂಗಳಿಗೆ ಒಂದು ಬಟ್ಟಲು, ಬಲದವಕ್ಕೆ ಇನ್ನೊಂದು. ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಪ್ಲಗ್ಗು ಅದಲುಬದಲು ಮಾಡುವ ಕೆಲಸವನ್ನು ಅವರ ಕೈಗೇ ಕೊಡಿ.