ವಿಕಿರಣವನ್ನು ಬೆಳಕಿನಿಂದ ಓದುವುದು
ನಾವು ಬೊಮ್ಮನಹಳ್ಳಿಯಿಂದ ಹೊಸೂರು ರಸ್ತೆಯಲ್ಲಿ ನಗರದತ್ತ ಬರುವಾಗ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯನ್ನು ಕಾಣುತ್ತೇವೆ. ಇಂತಹ ಆಸ್ಪತ್ರೆಗಳಲ್ಲಿ ಹಲವು ದಿಕ್ಕುಗಳಿಂದ ಹಾಯಿಸುವ ವಿಕಿರಣವು ಗೆಡ್ಡೆಯನ್ನು ನಾಶಪಡಿಸಬೇಕು, ಪಕ್ಕದ ಬೆನ್ನುಹುರಿಯನ್ನು ಉಳಿಸಬೇಕು. ಒಂದೊಂದೇ ಬಿಂದುವಿನಲ್ಲಿ ಅಳೆಯುವ ಉಪಕರಣಕ್ಕೆ ಈ ಹಂಚಿಕೆಯ ಪೂರ್ಣಾಕಾರವು ದಕ್ಕದು. ಆದುದರಿಂದ ಮೊದಲು ರೋಗಿಯ ಬದಲಿಗೆ ಪಾರದರ್ಶಕ ಜೆಲ್ ತುಂಬಿದ ಪಾತ್ರೆಯನ್ನಿಟ್ಟು ಪರೀಕ್ಷಿಸಬಹುದು. ಜೆಲ್ ಎಂದರೆ ಗಟ್ಟಿಕಟ್ಟಿದ ನೀರೆಂದೇ ತಿಳಿಯಿರಿ. ಅದು ನಮ್ಮ ಮಾಂಸದಂತೆಯೇ ವಿಕಿರಣವನ್ನು ಹೀರುತ್ತದೆ. ಅದರಲ್ಲಿ ಬೆರೆಸಿದ ಫೆರಸ್ ಲವಣವು ವಿಕಿರಣ ತಾಗಿದೆಡೆ ಫೆರಿಕ್ ಆಗುತ್ತದೆ. ಜೊತೆಗಿರುವ ಜೈಲಿನಾಲ್ ಆರೆಂಜ್ ಎಂಬ ಬಣ್ಣವು ಅಲ್ಲಿ ನೇರಳೆಗೆ ತಿರುಗುತ್ತದೆ. 1984ರಲ್ಲಿ ಜಾನ್ ಗೋರ್ ಮತ್ತು ಸಂಗಡಿಗರು ಇಂತಹ ಜೆಲ್ಲನ್ನು ಕಾಂತೀಯ ಅನುರಣನದಿಂದ ಓದುವ ದಾರಿ ತೋರಿದರು. 1996ರಲ್ಲಿ ಜೆಲ್ಲುಗಳನ್ನು ಲೇಸರ್ ಬೆಳಕಿನಿಂದಲೂ ಓದಿದರು. ಪಾತ್ರೆಯನ್ನು ತಿರುಗಿಸುತ್ತ ಬೆಳಕನ್ನು ಹಾಯಿಸಿದರೆ, ಎಲ್ಲೆಲ್ಲಿ ಎಷ್ಟು ಕುಂದಿತೆಂಬುದರಿಂದ ಗಣಕಯಂತ್ರವು ಮೂರು ಆಯಾಮಗಳ ನಕ್ಷೆಯನ್ನು ಕಟ್ಟುತ್ತದೆ. ತಡಮಾಡುವಂತಿಲ್ಲ: ಫೆರಿಕ್ ಅಯಾನುಗಳು ಕೆಲವೇ ಗಂಟೆಗಳಲ್ಲಿ ಹರಡಿ ನಕ್ಷೆಯ ಅಂಚುಗಳನ್ನು ಮಸುಕಾಗಿಸುತ್ತವೆ.